ತಿಮ್ಮಪ್ಪ ಸರ್ ನಮ್ಮ ಮನೆಗೆ ಮಾತ್ರ ಬಂದಿದ್ದರು

ಗರಗದ ಸೊಪ್ಪನ್ನು ಅಂಗೈಯಲ್ಲಿಟ್ಟು ಉಜ್ಜಿದರೆ ಮೊದಲು ಹಸಿರು ರಸ ಬರುತ್ತದೆ, ನೋಡನೋಡುತ್ತಿದ್ದ ಹಾಗೆ ಅದು ಕಪ್ಪಾಗುತ್ತದೆ. ಅದರ ವಾಸನೆಯನ್ನು ಹೇಗೆ ಹೇಳಲಿ? ಹಸಿ ಹುಲ್ಲು, ಕೆಸರು, ಮೇಲೆ ಸ್ವಲ್ಪ ಕಹಿ. ಮೊನ್ನೆ ಗೋನೆಗಂಡ್ಲದ ಆಸ್ಪತ್ರೆಯಲ್ಲಿ ಲಸಿಕೆ ಹಾಕುವ ದಿನ, ಮೊಮ್ಮಗನನ್ನು ಎತ್ತಿಕೊಂಡು ಬಂದ ಮುದುಕಿಯೊಬ್ಬಳ ಸೆರಗಿನಲ್ಲಿ ಆ ಸೊಪ್ಪಿನ ಗಂಟಿತ್ತು. ತಲೆಗೆ ಎಣ್ಣೆ ಕಾಯಿಸಿಕೊಳ್ಳಲು ದಾರಿಯಲ್ಲಿ ಕಾಲುವೆಯ ಬದಿಗೆ ಕಿತ್ತುಕೊಂಡು ಬಂದಿದ್ದಳಂತೆ. ಮಗುವಿನ ತೊಡೆಗೆ ಸೂಜಿ ಚುಚ್ಚಿ, ಹತ್ತಿ ಒತ್ತಿ ಹಿಡಿದವಳು ಹಾಗೆಯೇ ನಿಂತುಬಿಟ್ಟೆ. "ಯವ್ವಾ ನರ್ಸಮ್ಮಾ, ಆತಲ್ಲ, ಕೂಸಿನ ಕಾಲ ಬಿಡು" ಎಂದಳು ಮುದುಕಿ. ಬಿಟ್ಟೆ. ಆದರೆ ಇಪ್ಪತ್ತು ವರ್ಷಕ್ಕೂ ಹಿಂದಿನ ಶನಿವಾರಗಳು, ನಮ್ಮ ಹೈಸ್ಕೂಲಿನ ಕರಿಹಲಗೆ, ತಿಮ್ಮಪ್ಪ ಸರ್, ಎಲ್ಲ ಒಟ್ಟಿಗೆ ಬಂದು ಆ ಕೋಣೆಯಲ್ಲಿ ನನ್ನ ಸುತ್ತ ನಿಂತವು. ಸರ್ ತೀರಿಕೊಂಡು ಆಗಲೇ ನಾಲ್ಕು ತಿಂಗಳಾಗಿತ್ತು.

ನಮ್ಮೂರು ತೆಲುಗು ಸೀಮೆಯಲ್ಲಿ, ಆದವಾನಿಯಿಂದ ಎಮ್ಮಿಗನೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳಕ್ಕೆ ಎರಡೂ. ಊರ ಹೈಸ್ಕೂಲಿನಲ್ಲಿ ಮುಂದಿನ ಕೋಣೆಗಳೆಲ್ಲ ತೆಲುಗು ಮೀಡಿಯಮ್ಮಿನವು. ಹಿಂದೆ ಬೇವಿನ ಮರದ ಕೆಳಗೆ, ಬೇಸಗೆಯಲ್ಲಿ ಹಂಚಿನಂತೆ ಕಾಯುವ ತಗಡಿನ ಮಾಡಿನ ಸಾಲು ನಮ್ಮದು, ಕನ್ನಡದವರದು. ಶನಿವಾರ ಒಪ್ಪತ್ತಿನ ಶಾಲೆ ಮುಗಿದ ಮೇಲೆ ಇದ್ದಿಲು ಕುಟ್ಟಿ, ಗರಗದ ರಸದಲ್ಲಿ ಕಲಸಿ, ಹಲಗೆಗೆ ಬಳಿಯುವುದು ನಮ್ಮ ಪಾಳಿ. ಬಳಿದು ಮುಗಿಸಿದರೆ ಆಗಲಿಲ್ಲ. ಸರ್ ಸೀಮೆಸುಣ್ಣದಿಂದ ಒಂದು ಸಾಲು ಬರೆದು, ಹೋಗಿ ಕಡೆಯ ಬೆಂಚಿನ ತುದಿಯಲ್ಲಿ ಕುಳಿತು, ಕನ್ನಡಕ ತೆಗೆದು, ಅಲ್ಲಿಂದ ಓದುತ್ತಿದ್ದರು. ಅವರ ಬರಿಗಣ್ಣಿಗೆ ಅಕ್ಷರ ಕಾಣಿಸಬೇಕು. ಕಾಣಿಸದಿದ್ದರೆ ತೊಳೆದು ಮತ್ತೆ ಬಳಿಯಬೇಕು. ತೆಲುಗಿನ ಹುಡುಗರು ಮನೆಗೆ ಹೋಗಿ ಉಂಡು, ಚಿನ್ನಿದಾಂಡು ಹಿಡಿದು ವಾಪಸು ಬಂದರೂ ನಮ್ಮ ಕೈಯ ಕಪ್ಪು ಹೋಗಿರುತ್ತಿರಲಿಲ್ಲ. ಸರ್ ಅವರನ್ನು ನಾವು ಮನಸ್ಸಿನಲ್ಲೇ ಎಷ್ಟು ಶಪಿಸಿದ್ದೇವೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಆದರೆ ಅವರ ನಿಜವಾದ ಕಾಟ ಪುಸ್ತಕದ್ದು. ತೆಲುಗಿನವರಿಗೆ ಜೂನಿನಲ್ಲೇ ಪಠ್ಯಪುಸ್ತಕ ಬಂದರೆ ನಮ್ಮ ಕನ್ನಡ ಪುಸ್ತಕಗಳು ದಸರೆಗೆ ಬಂದರೆ ದಸರೆಗೆ, ಸಂಕ್ರಾಂತಿಗೆ ಬಂದರೆ ಸಂಕ್ರಾಂತಿಗೆ. ಸರ್ ಅದಕ್ಕಾಗಿ ಯಾರ ಮುಂದೆಯೂ ಗೋಳಾಡಿದವರಲ್ಲ. ತೆಲುಗು ಪುಸ್ತಕವನ್ನು ಮುಂದಿಟ್ಟುಕೊಂಡು ಬೆಳಗಿನ ಹೊತ್ತು ಅದನ್ನು ತಾವೇ ಕನ್ನಡಕ್ಕೆ ಇಳಿಸಿ, ನಮಗೆ ಹೇಳಿ ಬರೆಸುತ್ತಿದ್ದರು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಪಾಠ ಹಂಚಿ, ಚಿತ್ರಸಮೇತ ಶುದ್ಧಪ್ರತಿ ಮಾಡಿಸುತ್ತಿದ್ದರು. ಎಲ್ಲವನ್ನೂ ಜೋಡಿಸಿ, ದಬ್ಬಳದಿಂದ ಗೋಣಿದಾರ ಹಾಕಿ ಹೊಲಿದರೆ ಅದೇ ಪುಸ್ತಕ. ಆ ಪುಸ್ತಕ ನಮಗಲ್ಲ, ಮುಂದಿನ ವರ್ಷದವರಿಗೆ. ನಾವು ಓದುತ್ತಿದ್ದುದು ಹಿಂದಿನ ವರ್ಷದ ಅಕ್ಕ ಅಣ್ಣಂದಿರು ಬರೆದಿಟ್ಟದ್ದನ್ನು. ಪ್ರತಿ ಪಾಠದ ಕೆಳಗೆ ಬರೆದವರ ಹೆಸರು, ಅದರ ಪಕ್ಕ ಸರ್ ಸಹಿ. ಒಂದು ಅಕ್ಷರ ಹೊಡೆದು ತಿದ್ದಿದ್ದರೂ ಇಡೀ ಹಾಳೆ ಹರಿದು ಕೈಗೆ ಕೊಡುತ್ತಿದ್ದರು. "ಮುಂದಿನ ವರ್ಷ ಒಂದು ಕೂಸು ಇದನ್ನ ನಂಬಿ ಓದತೈತಿ. ಅದಕ್ಕ ನಿನ್ನ ಮಾರಿ ಗೊತ್ತಿರಂಗಿಲ್ಲ, ನಿನ್ನ ಅಕ್ಷರನ ಗೊತ್ತಿರತೈತಿ" ಎನ್ನುತ್ತಿದ್ದರು. ನಾನು ಒಂದೇ ಪುಟವನ್ನು ಏಳು ಸಲ ಬರೆದದ್ದಿದೆ. ಏಳನೆಯ ಸಲ ಅಳುತ್ತ ಬರೆದೆ, ಕಣ್ಣೀರು ಬಿದ್ದು ಶಾಯಿ ಹರಡಿತು, ಎಂಟನೆಯ ಸಲ ಬರೆದೆ.

ಇಷ್ಟಾದರೂ ನಾವು ಅವರನ್ನು ಪ್ರೀತಿಸುತ್ತಿದ್ದೆವು. ಯಾಕೆ ಎಂದರೆ ಹೇಳಲು ಬರುವುದಿಲ್ಲ, ಬಹುಶಃ ನಾವು ಬರೆದದ್ದನ್ನು ಅಷ್ಟು ಗಮನವಿಟ್ಟು ನೋಡಿದವರು ಲೋಕದಲ್ಲಿ ಅವರೊಬ್ಬರೇ ಇರಬೇಕು. ನಮ್ಮಪ್ಪ ಬೀರಪ್ಪ ಕುರಿ ಕಾಯುವವನು. ನಮ್ಮದು ಮನೆ ಎಂದರೆ ಮುಕ್ಕಾಲು ಪಾಲು ಕುರಿದೊಡ್ಡಿ, ಉಳಿದದ್ದರಲ್ಲಿ ನಾವು. ಹಿಕ್ಕೆಯ ವಾಸನೆ, ಒಲೆಯ ಹೊಗೆ, ಮೂಲೆಯಲ್ಲಿ ಉಣ್ಣೆಯ ಮೂಟೆ, ಮರಿಗಳ ಅರಚಾಟ, ಇವುಗಳ ನಡುವೆಯೇ ಓದಬೇಕು. ಏಳನೆಯದಕ್ಕೇ ಅಪ್ಪ ನನ್ನ ಶಾಲೆ ಬಿಡಿಸಿ ಕೈಗೆ ಕೋಲು ಕೊಟ್ಟಾಗ ಸರ್ ಗುಡ್ಡದ ತನಕ ನಡೆದು ಬಂದು, ಕುರಿಗಳ ಮಧ್ಯೆ ನಿಂತು, ಅಪ್ಪನ ಜೊತೆ ಹೊತ್ತು ಇಳಿಯುವವರೆಗೆ ಮಾತಾಡಿದರು. ಏನು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮರುದಿನ ಅಪ್ಪ ಕೋಲು ಕಿತ್ತುಕೊಂಡು, "ಹೋಗು, ಆ ಮನುಷ್ಯಾನ ಕಾಟ ನನಗ ಬ್ಯಾಡ" ಎಂದ. ಈಗ ಅಪ್ಪನಿಲ್ಲ, ಕುರಿಗಳಿಲ್ಲ, ಆ ದೊಡ್ಡಿ ಇದ್ದ ಜಾಗದಲ್ಲಿ ಯಾರದೋ ಗೊಬ್ಬರದ ಅಂಗಡಿ ಎದ್ದಿದೆ. ಕಣ್ಣು ಮುಚ್ಚಿದರೆ ಇಂದಿಗೂ ಮರಿಗಳ ಸದ್ದು ಕೇಳುತ್ತದೆ.

ಹತ್ತನೆಯ ತರಗತಿಯಲ್ಲಿ ನನ್ನ ಪಾಲಿಗೆ ಬಂದ ಪಾಠ ಹೃದಯ ಮತ್ತು ರಕ್ತ ಪರಿಚಲನೆ. ನನ್ನ ಕೈಬರಹ ಚೆನ್ನಾಗಿತ್ತು, ಚಿತ್ರವೂ ಬರುತ್ತಿತ್ತು, ಹಾಗಾಗಿ ಕಷ್ಟದ ಪಾಠ ನನಗೇ. ಬರೆದು ಮುಗಿಸಿ, ಸರ್ ನೋಡಿ ಸಹಿ ಹಾಕಿಕೊಟ್ಟ ಮೇಲೆ, ಮನೆಯಲ್ಲಿ ಕುಳಿತು ಚಿತ್ರವನ್ನೇ ನೋಡುತ್ತಿದ್ದಾಗ ನನಗೊಂದು ಅನುಮಾನ ಬಂತು. ಪುಟದ ಎಡಗಡೆಗೆ ಇರುವ ಭಾಗಕ್ಕೆ 'ಬಲ' ಎಂದು ಬರೆದಿದೆ, ಬಲಗಡೆಗೆ ಇರುವುದಕ್ಕೆ 'ಎಡ' ಎಂದಿದೆ! ಎದ್ದು ಹೋಗಿ ಕನ್ನಡಿಯ ಮುಂದೆ ನಿಂತು ಎದೆಯ ಮೇಲೆ ಕೈ ಇಟ್ಟು ನೋಡಿದೆ. ನನ್ನ ಎಡ ಎಡಕ್ಕೇ ಇತ್ತು. ಸಂಶಯವೇ ಇಲ್ಲ, ಅವಸರದಲ್ಲಿ ಸರ್ ತಪ್ಪಿದ್ದಾರೆ. ಹೋಗಿ ಹೇಳಬಹುದಿತ್ತು. ಆದರೆ ಅಂಥವರ ತಪ್ಪನ್ನು ಅವರೆದುರು ಎತ್ತಿ ಆಡುವುದೇ? ನಾಲ್ಕು ಜನರ ಮುಂದೆ ಅವರ ಮುಖ ಸಣ್ಣದಾದರೆ? ಅವರ ಮರ್ಯಾದೆ ಕಾಯುವ ಹಿರಿತನ ನನ್ನದೇ ಎಂದುಕೊಂಡು, ಅಪ್ಪ ಗಡ್ಡ ಹೆರೆಯುವ ಬ್ಲೇಡಿನಿಂದ ಎಡಬಲಗಳನ್ನು ನಯವಾಗಿ ಕೆರೆದು, ಅದಲುಬದಲು ಮಾಡಿ ಬರೆದೆ. ಸಹಿ ಮೊದಲೇ ಬಿದ್ದಿತ್ತಲ್ಲ, ಸರ್ ಮತ್ತೆ ನೋಡಲಿಲ್ಲ. ನನ್ನ ಹಾಳೆ ಎಂಬ ನಂಬಿಕೆಯಿಂದಲೇ ನೋಡಲಿಲ್ಲ.

ಮರುವರ್ಷ ಸರ್‌ಗೆ ಕಾಮಾಲೆಯಾಗಿ ತಿಂಗಳು ಪೂರಾ ಹಾಸಿಗೆ ಹಿಡಿದರು. ಅವರ ಹೆಂಡತಿ, ನಾವೆಲ್ಲ ಅಮ್ಮೋರು ಎನ್ನುತ್ತಿದ್ದೆವು, ಪಥ್ಯದ ಗಂಜಿ ಬಿಟ್ಟರೆ ಇನ್ನೇನೂ ಕೊಡದೆ ಅವರನ್ನು ಎಬ್ಬಿಸಿ ಕೂರಿಸಿದರು. ಆ ತಿಂಗಳು ಹತ್ತನೆಯ ತರಗತಿಯ ಒಂಬತ್ತು ಮಕ್ಕಳು ನನ್ನ ಪಾಠವನ್ನು ತಾವೇ ಓದಿಕೊಂಡರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂಬತ್ತು ಜನರೂ ಹೃದಯವನ್ನು ಚೆಂದಗೆ ಬರೆದು, ಒಂಬತ್ತು ಜನರೂ ಎಡಬಲ ತಿರುವುಮುರುವು ಮಾಡಿದ್ದರು. ಸರ್ ಪುಸ್ತಕದ ಆ ಹಾಳೆಯನ್ನು ಬಿಸಿಲಿಗೆ ಹಿಡಿದು ಕೆರೆದ ಗುರುತು ನೋಡಿ, ನಮ್ಮ ದೊಡ್ಡಿಗೆ ಬಂದರು. ಹತ್ತನೆಯದು ಮುಗಿಸಿ ಮನೆಯಲ್ಲಿದ್ದ ನಾನು ಹಿಕ್ಕೆ ಗುಡಿಸುತ್ತಿದ್ದೆ.

"ಲಿಂಗಿ, ಇದು ನಿನ್ನ ಕೈ ಕೆಲಸ ಅಲ್ಲ?"

"ಹೌದು ಸಾರ್. ನೀವು ತಪ್ಪು ಬರದೀರಿ ಅಂದ್ಕೊಂಡೆ."

"ಅಂದ್ಕೊಂಡಿದ್ದು ತಪ್ಪಲ್ಲವ್ವ. ಕೇಳದಿದ್ದುದು ತಪ್ಪು" ಎಂದು ನನ್ನ ಎದುರಿಗೆ ನಿಂತು ತಮ್ಮ ಎಡಗೈ ಎತ್ತಿದರು. "ನೋಡು, ಎದುರಿಗೆ ನಿಂತಾನ ಎಡಗೈ ನಿನಗ ಯಾವ ಕಡೆ ಕಾಣತೈತಿ? ಆ ಚಿತ್ರ ನಿನ್ನ ಎದಿ ಅಲ್ಲ, ನಿನ್ನ ಮುಂದ ನಿಂತೋರ ಎದಿ." ಅಷ್ಟು ಸರಳವಾಗಿತ್ತು. ಆಮೇಲೆ ಅವರು ಹೇಳಿದ್ದು ಸರಳವಾಗಿರಲಿಲ್ಲ. ಆ ಒಂಬತ್ತು ಮನೆಗೂ ನಾನೇ ಹೋಗಿ, ನಾನೇ ತಪ್ಪು ಬರೆದೆನೆಂದು ಹೇಳಿ, ಸರಿಯಾದದ್ದನ್ನು ತೋರಿಸಿ ಬರಬೇಕು. ಅಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. "ಬೇಕಾದ್ರ ಈಕಿನ್ನ ಬಡೀರಿ ಸಾರ್, ಮನಿಮನಿ ತಿರಗಸಬ್ಯಾಡ್ರಿ, ಮರ್ಯಾದಿ ಹೋಗತೈತಿ" ಎಂದ. "ಬಡದ್ರ ಈಕಿಗೆ ನೋವಾಗತೈತಿ ಬೀರಪ್ಪ, ಆ ಹುಡುಗರಿಗೆ ಏನು ಸಿಗತೈತಿ?" ಎಂದರು ಸರ್. ಕಾಮಾಲೆಯ ಹಳದಿ ಇನ್ನೂ ಅವರ ಕಣ್ಣಲ್ಲಿತ್ತು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಆದರೂ ಒಂಬತ್ತು ಮನೆಗೂ ನನ್ನ ಜೊತೆ ಬಂದರು, ಯಾವ ಮನೆಯ ಒಳಗೂ ಬರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. ಕಡೆಯ ಮನೆ ಮುಗಿದ ಮೇಲೆ ಅಪ್ಪನಿಗೆ, "ಈಕಿನ್ನ ನರ್ಸ್ ಟ್ರೈನಿಂಗಿಗೆ ಕಳಸು. ತಪ್ಪಾತು ಅಂತ ಬಾಯಿ ಬಿಟ್ಟು ಹೇಳಾಕ ಬರೋರ ಕೈಯಾಗ ರೋಗಿ ಇರಬೇಕು" ಎಂದರು. ನನ್ನ ಬದುಕು ತಿರುಗಿದ್ದು ಆ ಮಾತಿನಿಂದ.

ತಿರುಗಿತು, ಆದರೆ ಸುಖವಾಗಿ ಅಲ್ಲ. ಕರ್ನೂಲಿನ ತರಬೇತಿಯಲ್ಲಿ ಎಲ್ಲವೂ ಇಂಗ್ಲಿಷು, ಬೈಗುಳ ಮಾತ್ರ ತೆಲುಗು. ಹೃದಯದ ಪಾಠ ಬಂದ ದಿನ ನನಗೆ ಬಾರದ ಒಂದು ಗೆರೆಯೂ ಅದರಲ್ಲಿರಲಿಲ್ಲ, ಆದರೆ ಮೇಡಂ ಎಬ್ಬಿಸಿ ಕೇಳಿದಾಗ ಒಂದು ಇಂಗ್ಲಿಷ್ ಶಬ್ದವೂ ಬಾಯಿಗೆ ಬರಲಿಲ್ಲ. ಸರ್ ಬರೆಸಿದ್ದ 'ಹೃತ್ಕುಕ್ಷಿ' ಎಂದೆ. ಇಡೀ ಕ್ಲಾಸು ನಕ್ಕಿತು. ಮೂರು ತಿಂಗಳು ಅದೇ ನನ್ನ ಅಡ್ಡಹೆಸರಾಗಿತ್ತು. ಹಾಸ್ಟೆಲಿನ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ನನಗೆ ಮಕ್ಕಳಾದರೆ ಅವರಿಗೆ ಈ ಗತಿ ತರುವುದಿಲ್ಲ ಎಂದು ಅಲ್ಲಿಯೇ ನಿಶ್ಚಯ ಮಾಡಿಕೊಂಡೆ. ಸರ್ ಮೇಲೆ ಸಿಟ್ಟಿರಲಿಲ್ಲ. ನಿಶ್ಚಯ ಮಾತ್ರ ಕರಗಲಿಲ್ಲ.

ಸೋದರಮಾವನ ಮಗನನ್ನೇ ಮದುವೆಯಾಗಿ ಊರಲ್ಲೇ ಉಳಿದೆ, ದಿನಾ ಬಸ್ಸಿಗೆ ಹೋಗಿ ಬರುವ ನೌಕರಿ. ವರ್ಷಗಳು ಕಳೆದವು. ಕನ್ನಡದ ಪುಸ್ತಕಗಳು ಅಷ್ಟಿಷ್ಟು ಹೊತ್ತಿಗೆ ಸರಿಯಾಗಿ ಬರತೊಡಗುವಷ್ಟರಲ್ಲಿ ಮಕ್ಕಳು ಬರುವುದು ಕಡಿಮೆಯಾಯಿತು. ಬೆಳಗಾದರೆ ಎಮ್ಮಿಗನೂರಿನ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಊರಿಗೆ ಬಂದು ಹಾರನ್ನು ಹೊಡೆಯುತ್ತದೆ, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಓಡುತ್ತಾರೆ. ಸರ್ ತಮ್ಮ ಮಗನನ್ನು ನಮ್ಮ ಜೊತೆಯೇ ಕನ್ನಡದಲ್ಲಿ ಓದಿಸಿದ್ದರು, ಅವನು ಕರೆಂಟಿನ ಕಂಬ ಹತ್ತುವ ಲೈನ್‌ಮನ್ ಆದ. ಊರಿನವರಿಗೆ ಅಷ್ಟು ಸಾಕಾಯಿತು. "ಸಾರ್ ಮಗನೇ ಕಂಬ ಹತ್ತತಾನ, ಇನ್ನ ನಮ್ಮೋವು ಏನು ಆಗ್ತಾವ?" ಎನ್ನುತ್ತಿದ್ದರು.

ಒಂದು ಜೂನ್ ತಿಂಗಳ ಭಾನುವಾರ, ಬಿಸಿಲು ಇನ್ನೂ ಇಳಿದಿರಲಿಲ್ಲ, ಸರ್ ಹಳೆಯ ಮೊಪೆಡ್ಡಿನಲ್ಲಿ ನಮ್ಮ ಮನೆಗೆ ಬಂದರು. ನನ್ನ ಮಗಳು ಊರ ಪ್ರಾಥಮಿಕ ಶಾಲೆಯಲ್ಲಿ ಐದನೆಯದು ಮುಗಿಸಿದ್ದಳು. ಸಣ್ಣ ಕೂಸನ್ನು ವ್ಯಾನಿಗೆ ಹತ್ತಿಸಲು ಮನಸ್ಸು ಬಾರದೆ ಅಲ್ಲಿಯ ತನಕ ಊರಲ್ಲೇ ಇಟ್ಟುಕೊಂಡಿದ್ದೆ. ಸರ್ ಕಟ್ಟೆಯ ಮೇಲೆ ಕುಳಿತು ಸುತ್ತುಬಳಸದೆ ವಿಷಯಕ್ಕೆ ಬಂದರು.

"ಲಿಂಗಮ್ಮ, ಮಗಳನ್ನ ನಮ್ಮಲ್ಲಿಗೆ ಕಳಸು. ಆರನೇ ಕ್ಲಾಸಿಗೆ ನಾಕು ಮಂದಿ ಅದಾರ. ಇನ್ನ ಆರು ಮಂದಿ ಆದ್ರ ಸೆಕ್ಷನ್ ಉಳೀತೈತಿ, ಇಲ್ಲಾಂದ್ರ ಈ ವರ್ಷ ಮುಚ್ಚತಾರ. ಇಂಗ್ಲೀಷಿನಾಗ ಹಿಂದ ಬೀಳತಾಳ ಅಂತ ಹೆದರಬ್ಯಾಡ. ನಾ ಕಲಿಸ್ತೀನಿ. ನನಗ ಬರಲಾರದ್ದನ್ನ ಕಲ್ತು ಕಲಿಸ್ತೀನಿ."

ಮೊದಲ ಸಲ ಅವರು ನನ್ನನ್ನು ಲಿಂಗಮ್ಮ ಎಂದಿದ್ದರು. ಅವರು ಬೇಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. "ಮನ್ಯಾಗ ಒಂದು ಮಾತು ಕೇಳಿ ಹೇಳ್ತೀನಿ ಸಾರ್" ಎಂದೆ. ಸುಳ್ಳು. ನನ್ನ ಗಂಡ ಪಾಪ, "ಸಾರ್ ಕಡೆನ ಓದಲಿ ಬಿಡು" ಎಂದಿದ್ದವನು. ಅವನ ಬಾಯಿ ಮುಚ್ಚಿಸಿ, ವಾರದ ಹಿಂದೆಯೇ ಎಮ್ಮಿಗನೂರಿಗೆ ಹೋಗಿ ಮಗಳನ್ನು ಸೇರಿಸಿ ಬಂದವಳು ನಾನು. ಅಷ್ಟರಲ್ಲಿ ಮಗಳು ಒಳಗಿನಿಂದ ಓಡಿ ಬಂದು, "ಸಾರ್, ನೋಡ್ರಿ, ಎಮ್ಮಿಗನೂರು ಸ್ಕೂಲಿಗೆ ಹೊಸ ಬೂಟು!" ಎಂದು ಕಾಲು ಮುಂದೆ ಚಾಚಿ ನಿಂತಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸರ್ ನನ್ನ ಮುಖ ನೋಡಲಿಲ್ಲ. ಬಗ್ಗಿ, ಹೆಬ್ಬೆರಳಿನಿಂದ ಬೂಟಿನ ತುದಿ ಒತ್ತಿ ನೋಡಿದರು. "ಬೆರಳಿಗೆ ಒತ್ತತಾವೇನವಾ? ಒಂದಳತಿ ದೊಡ್ಡವು ತರಬೇಕಿತ್ತು, ಬೆಳಿಯೋ ಕಾಲು" ಎಂದರು. ಮಜ್ಜಿಗೆ ಕೊಟ್ಟೆ, ಪೂರಾ ಕುಡಿದು ಲೋಟ ಕೆಳಗಿಟ್ಟು ಹೋದರು.

ಆ ವರ್ಷ ಕನ್ನಡ ಸೆಕ್ಷನ್ ಮುಚ್ಚಿತು. ಇದ್ದ ನಾಲ್ಕು ಮಕ್ಕಳನ್ನು ತೆಲುಗಿನ ಕೋಣೆಗೆ ಕೂಡಿಸಿದರು. ಸರ್ ಉಳಿದ ನೌಕರಿಯನ್ನು ದೂರದ ಊರೊಂದರಲ್ಲಿ ಮುಗಿಸಿ, ನಿವೃತ್ತರಾಗಿ ಬಂದು, ಮನೆಯಲ್ಲೇ ಇರುತ್ತಿದ್ದರು. ಎದುರಿಗೆ ಸಿಕ್ಕರೆ "ಚಂದ ಅದಿ ಏನವಾ" ಎನ್ನುತ್ತಿದ್ದರು, ಮಗಳ ಓದನ್ನೂ ಕೇಳುತ್ತಿದ್ದರು. ಕೈಬರಹದ ಪುಸ್ತಕಗಳು ಏನಾದವೆಂದು ನಾನು ಕೇಳಲಿಲ್ಲ. ಗೆದ್ದಲು ತಿಂದಿತೆಂದು ಆಮೇಲೆ ಯಾರೋ ಹೇಳಿದರು.

ಸರ್ ತೀರಿಕೊಂಡ ತಿಂಗಳಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಶಾಲೆಯ ಅಂಗಳದಲ್ಲಿ ಸೇರಿದೆವು. ಫೋಟೋಕ್ಕೆ ಹಾರ, ಮುಂದೆ ಊದುಬತ್ತಿ, ಅಮ್ಮೋರಿಗೆ ಒಂದು ಕುರ್ಚಿ. ಒಬ್ಬೊಬ್ಬರೂ ಎದ್ದು ನಿಂತು ಹರಿದ ಹಾಳೆಗಳನ್ನು, ಮತ್ತೆ ಮತ್ತೆ ಬಳಿದ ಹಲಗೆಯನ್ನು ನೆನೆದು ನಕ್ಕರು, ಅತ್ತರು. ಕನ್ನಡ ಉಳಿಯಬೇಕು ಎಂದವರೂ ಇದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅವರ ಮಕ್ಕಳೆಲ್ಲ ಆ ಹಳದಿ ವ್ಯಾನಿನಲ್ಲೇ ನನ್ನ ಮಗಳ ಪಕ್ಕ ಕೂರುವವರು. ನನ್ನ ಸಹಪಾಠಿ ಬಸವರಾಜ, ಈಗ ಬಸ್ ಕಂಡಕ್ಟರು, ಕಣ್ಣೊರೆಸಿಕೊಂಡು ಹೇಳಿದ: "ಆ ವರ್ಷ ಸಾರ್ ನಮ್ಮ ಮನಿಗೆ ಬಂದು ಒಂದು ಮಾತು ಕೇಳಿದ್ದರ ನಾ ಮಗನ್ನ ಕಳಸ್ತಿದ್ದೆ. ಅಡುಗಲೇದು ನೋಡ್ರಿ, ಕೇಳಲೇ ಇಲ್ಲ ಮನುಷ್ಯ." ನಮ್ಮ ಮನೆಗೂ ಬರಲಿಲ್ಲ, ನಮ್ಮ ಮನೆಗೂ ಬರಲಿಲ್ಲ ಎಂದು ಆಕಡೆಯಿಂದ ಈಕಡೆಯಿಂದ ದನಿಗಳು ಎದ್ದವು. ಅವರಲ್ಲಿ ಎಷ್ಟು ಜನ ನಿಜವಾಗಿ ಕಳಿಸುತ್ತಿದ್ದರೋ ದೇವರಿಗೇ ಗೊತ್ತು. ನಾನು ಸೆರಗು ಬಿಗಿದುಕೊಂಡು ಹೋಗಿ ಫೋಟೋದ ಮುಂದೆ ಆರಿದ್ದ ಊದುಬತ್ತಿಯನ್ನು ಮತ್ತೆ ಹಚ್ಚಿದೆ.

ಎಲ್ಲರೂ ಉಗ್ಗಾಣಿ ತಿನ್ನಲು ಎದ್ದಾಗ ಅಮ್ಮೋರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ಹನ್ನೊಂದು ಮನಿ ಪಟ್ಟಿ ಮಾಡ್ಕೊಂಡಿದ್ರವ್ವ. ಮೊದಲಿಗೆ ನಿನ್ನ ಮನಿ. ಲಿಂಗಿ ಹ್ಞೂಂ ಅಂದ್ರ ಉಳಿದೋರು ತಾವ ಬರ್ತಾರ ಅಂತ ಹೋದ್ರು. ಅರ್ಧ ತಾಸಿಗೆ ತಿರುಗಿ ಬಂದು ಕುಂತ್ರು. ಉಳಿದ ಮನಿಗೂ ಹೋಗಿ ಬರ್ರಿ ಅಂದೆ. ಹೋಗಲಿಲ್ಲ. 'ನನ್ನ ಕೈಯಾಗ ಕಲ್ತಾಕಿಗೇ ಅದು ಬ್ಯಾಡಾಗೈತಿ ಅಂದ್ರ, ನಾ ಕಲಿಸಿದ್ದರಾಗ ಏನೋ ತಪ್ಪೈತಿ' ಅಂದ್ರು. ಕಡೀತನಕ ಅದನ್ನ ಹುಡುಕಿದ್ರವ್ವ, ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ. ನಿನಗೇನರ ಗೊತ್ತೈತೇನು?"

ಅವರು ನಿಜವಾಗಿಯೂ ಕೇಳುತ್ತಿದ್ದರು. ನನಗೆ ಗೊತ್ತಿರಬಹುದು ಎಂಬ ಆಸೆಯಿಂದ ನನ್ನ ಮುಖ ನೋಡುತ್ತಿದ್ದರು. "ಇಲ್ಲ ಅಮ್ಮೋರ" ಎಂದೆ.

ನನಗೆ ಗೊತ್ತಿತ್ತು. ಸರ್ ಎಲ್ಲಿಯೂ ತಪ್ಪಿರಲಿಲ್ಲ. ಇಡೀ ಕ್ಲಾಸು ನಕ್ಕ ಒಂದು ಬೆಳಗನ್ನು ನಾನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಆ ಭಯವನ್ನೇ ಬುದ್ಧಿ ಎಂದು ತಿಳಿದೆ, ಅಷ್ಟೇ. ಪಶ್ಚಾತ್ತಾಪ ಪಟ್ಟರೆ ಮನುಷ್ಯ ಬದಲಾಗುತ್ತಾನೆ ಎನ್ನುತ್ತಾರೆ. ನನ್ನ ಮಗ ಈ ವರ್ಷ ಐದನೆಯದು ಮುಗಿಸುತ್ತಾನೆ. ಸೆಕ್ಷನ್ ಇದ್ದಿದ್ದರೆ, ಸರ್ ಬದುಕಿದ್ದು ಬಂದು ಕೇಳಿದ್ದರೆ, ಅವನನ್ನಾದರೂ ಕಳಿಸುತ್ತಿದ್ದೆನೇ ಎಂದು ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಇಲ್ಲ. ಕಳಿಸುತ್ತಿರಲಿಲ್ಲ. ಇದನ್ನು ಅಮ್ಮೋರಿಗೆ ಹೇಳಿದರೆ ತಪ್ಪು ಯಾರದೆಂದು ಅವರಿಗೆ ತಿಳಿಯುತ್ತದೆ, ಗಂಡನದಲ್ಲ ಎಂಬ ಸಮಾಧಾನವಾದರೂ ಆ ಮುದಿಜೀವಕ್ಕೆ ಸಿಗುತ್ತದೆ. ಅವರ ಮನೆ ನಮ್ಮ ಓಣಿಯಿಂದ ಎರಡು ಓಣಿ ಆಚೆಗಿದೆ. ಮೂರು ತಿಂಗಳಾಯಿತು, ನಾನು ಇನ್ನೂ ಹೋಗಿಲ್ಲ.